ಮುಂದಿನ ವರ್ಷದ ತಂಡ

ಸೋತ ತಂಡಕ್ಕೆ ‘ಮುಂದಿನ ವರ್ಷ’ ಎಂಬುದೊಂದು ಇರದೆ ಹೋಗಿದ್ದರೆ ನಮ್ಮ ಕಡೆಯ ಚಹಾದಂಗಡಿಗಳಲ್ಲಿ ಅರ್ಧದಷ್ಟು ಮುಚ್ಚಿಯೇ ಹೋಗುತ್ತಿದ್ದವು. ಇದು ಬರಿಯ ವಿನೋದದ ಮಾತಲ್ಲ. ಬೇಕಾದರೆ ಒಂದು ಸಂಜೆ ಹಾನಗಲ್ಲಿನ ಬಸ್ ನಿಲ್ದಾಣದ ಎದುರಿಗೆ ಅರ್ಧ ತಾಸು ನಿಂತು ನೋಡಿರಿ. ಶಿಗ್ಗಾವಿಯಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತ ಕುಳಿತವರ ಮಗ್ಗುಲಿಗೆ ಹೋಗಿ ಕುಳಿತುಕೊಳ್ಳಿರಿ. ಸವಣೂರಿನಲ್ಲಿ ಎಲೆ ಮಡಿಸುತ್ತ ಮಾತಾಡುವ ಹಿರಿಯರಿಗೆ ಕಿವಿಗೊಡಿರಿ. ಹಿರೇಕೆರೂರಿನಲ್ಲಿ ಗೋವಿನಜೋಳದ ಚೀಲ ತೂಗಿಸಿ ಬಂದ ರೈತರು ಅಡತಿ ಅಂಗಡಿಯ ಕಟ್ಟೆಯ ಮೇಲೆ ಏನು ಮಾತಾಡುತ್ತಾರೆಂದು ಕೇಳಿರಿ. ಮೊದಲು ಮಳೆಯ ಮಾತು ಬರುತ್ತದೆ, ಆಮೇಲೆ ಪೇಟೆಯ ಧಾರಣೆಯ ಮಾತು ಬರುತ್ತದೆ. ಅವೆರಡೂ ಮುಗಿದ ಮೇಲೆ ಆಟದ ಮಾತು ಬಂದೇ ಬರುತ್ತದೆ. ಆಟದಲ್ಲಿ ಗೆದ್ದವರ ಮಾತು ಐದು ಮಿನಿಟಿಗೆ ಮುಗಿಯುತ್ತದೆ. ಸೋತವರ ಮಾತು ಮಾತ್ರ ಕೊನೆಯ ಬಸ್ಸು ಬರುವವರೆಗೆ ನಡೆಯುತ್ತದೆ.

ಗೆದ್ದವರ ಬಗೆಗೆ ಹೇಳಲಿಕ್ಕೆ ಏನಿದೆ? ಗೆದ್ದರು, ಮುಗಿಯಿತು. ಸೋತವರು ಏಕೆ ಸೋತರು, ಯಾರಿಂದ ಸೋತರು, ಯಾರು ಇದ್ದಿದ್ದರೆ ಸೋಲುತ್ತಿರಲಿಲ್ಲ, ಬರುವ ವರ್ಷ ಏನಾದೀತು—ಈ ಪುರಾಣಕ್ಕೆ ತುದಿಯೂ ಇಲ್ಲ, ಮೊದಲೂ ಇಲ್ಲ.

ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿರುವುದು ಅಂಥದೊಂದು ಸೋತ ತಂಡದ ಸಂಗತಿ. ಅದು ಒಂದು ಕಾಲೇಜಿನ ಕಬಡ್ಡಿ ತಂಡ. ಯಾವ ಊರಿನ ಕಾಲೇಜು ಎಂದು ಕೇಳಬೇಡಿರಿ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲ್ಲೂಕುಗಳ ಹುಡುಗರು ಅದರಲ್ಲಿದ್ದಾರೆಂದಷ್ಟೇ ಹೇಳುತ್ತೇನೆ. ಹೆಸರು ಹೇಳಿದರೆ ಆ ಊರಿನವರು ಸಿಟ್ಟಾಗುತ್ತಾರೆ. ಹೇಳದಿದ್ದರೆ ನಾಲ್ಕೂ ಊರಿನವರು ಅದು ತಮ್ಮದೇ ಎಂದು ತಿಳಿದುಕೊಳ್ಳುತ್ತಾರೆ. ಎರಡನೆಯದೇ ಒಳ್ಳೆಯದೆಂದು ನನಗೆ ತೋರುತ್ತದೆ.

ಅಮೆರಿಕದಲ್ಲಿ ಕಾಲೇಜು ಹುಡುಗರು ಆಡುವ ಫುಟ್‌ಬಾಲ್ ಆಟವನ್ನು ನೋಡಲು ಜನ ಲಕ್ಷಗಟ್ಟಲೆ ಸೇರುತ್ತಾರಂತೆ ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ನಿಜ. ಅಲ್ಲಿಯ ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣ ಒಂದರಲ್ಲಿಯೇ ಲಕ್ಷಕ್ಕೂ ಮಿಕ್ಕಿ ಜನ ಕೂಡ್ರಬಹುದು. ನಮ್ಮ ಕಾಲೇಜಿನ ತಂಡಕ್ಕೆ ಅಷ್ಟೆಲ್ಲ ಬೇಡ. 13 ಮೀಟರು ಉದ್ದ, 10 ಮೀಟರು ಅಗಲದ ಅಂಕಣವೊಂದಿದ್ದರೆ ಆಟ ನಡೆಯುತ್ತದೆ. ಆದರೆ ಸೋತಾಗ ಆಗುವ ಸಂಕಟಕ್ಕೆ ಅಳತೆಯಿಲ್ಲ. ಲಕ್ಷ ಜನರ ಮುಂದೆ ಸೋತರೂ ಅಷ್ಟೆ, ಬೇವಿನ ಗಿಡದ ನೆರಳಿನಲ್ಲಿ ನಿಂತ ನಲವತ್ತು ಜನರ ಮುಂದೆ ಸೋತರೂ ಅಷ್ಟೆ.

ಮನೆಯಲ್ಲಿ ಆಟದ ಗೊಡವೆಯಿಲ್ಲದವರೂ ಇದನ್ನು ಓದುತ್ತಿರಬಹುದು. ಅವರಿಗಾಗಿ ಎರಡು ಮಾತು. ಕಬಡ್ಡಿಯಲ್ಲಿ ಒಂದೊಂದು ಕಡೆಗೆ ಏಳು ಜನ. ಇಪ್ಪತ್ತು ಮಿನಿಟಿನ ಎರಡು ಭಾಗ. ಒಬ್ಬನು ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಎದುರಿನವರ ಅಂಗಳಕ್ಕೆ ಹೋಗಿ, ಯಾರನ್ನಾದರೂ ಮುಟ್ಟಿ, ಮೂವತ್ತು ಸೆಕೆಂಡಿನೊಳಗೆ ತಿರುಗಿ ಬರಬೇಕು. ಬಂದರೆ ಮುಟ್ಟಿಸಿಕೊಂಡವರು ಹೊರಗೆ. ಹಿಡಿದರೆ ಇವನು ಹೊರಗೆ. ತಂಡ ಅಂಕ ಗಳಿಸಿದಂತೆಲ್ಲ ಹೊರಗೆ ಕುಳಿತವರು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಏಳೂ ಜನ ಔಟಾದರೆ ಅದಕ್ಕೆ ಲೋನಾ ಎನ್ನುತ್ತಾರೆ. ಎದುರಿನವರಿಗೆ ಎರಡು ಅಂಕ ಹೆಚ್ಚಿಗೆ ಸಿಗುತ್ತವೆ, ಆದರೆ ಔಟಾದ ಏಳೂ ಜನ ಒಮ್ಮೆಲೆ ಎದ್ದು ಮತ್ತೆ ಒಳಗೆ ಬರುತ್ತಾರೆ. ಈ ಕೊನೆಯ ನಿಯಮವನ್ನು ದಯವಿಟ್ಟು ನೆನಪಿನಲ್ಲಿಡಿರಿ. ಮುಂದೆ ಅದರ ಕೆಲಸವಿದೆ.

ನಾನು ಗಣಿತ ಕಲಿಸುತ್ತಿದ್ದ ಮಾಸ್ತರ. ನಿವೃತ್ತನಾದ ಮೇಲೆ ಲೆಕ್ಕ ಮಾಡಲಿಕ್ಕೆ ಏನಾದರೂ ಬೇಕಲ್ಲ. ಈ ತಂಡದ ಆಟಗಳ ಅಂಕಗಳನ್ನು ಒಂದು ವಹಿಯಲ್ಲಿ ಬರೆದಿಡುವ ಹವ್ಯಾಸ ಹಚ್ಚಿಕೊಂಡೆ. ಮೂರು ವರ್ಷ ಬರೆದೆ. ಮೂರು ವರ್ಷವೂ ನಮ್ಮವರು ಅಂತರ್ ಕಾಲೇಜು ಪಂದ್ಯಾಟಕ್ಕೆ ಹೋದರು, ಮೊದಲನೆಯ ಸುತ್ತಿನಲ್ಲಿಯೇ ಸೋತರು, ಸಂಜೆಯ ಬಸ್ಸಿಗೆ ತಿರುಗಿ ಬಂದರು.

ಮೂರನೆಯ ಸಲ ಸೋತು ಬಂದ ವಾರವೇ ಕಾಲೇಜಿನ ಎದುರಿನ ಚಹಾದಂಗಡಿಯಲ್ಲಿ ನಮ್ಮ ಸಭೆ ಕೂಡಿತು. ಸಭೆಯೆಂದರೆ ಐದು ಜನ. ಮೊಬೈಲ್ ರಿಪೇರಿಯ ಅಂಗಡಿ ಇಟ್ಟ ಹಾನಗಲ್ಲಿನ ತರುಣ. ಬ್ಯಾಂಕಿನಿಂದ ನಿವೃತ್ತರಾದ ಶಿಗ್ಗಾವಿಯ ರಾಯರು. ಮಗನ ಮನೆಯಲ್ಲಿ ಬಂದು ನೆಲಸಿದ ಸವಣೂರಿನ ಹಿರಿಯರು, ಅವರನ್ನು ನಾವೆಲ್ಲ ಅಜ್ಜಾರು ಎನ್ನುತ್ತೇವೆ. ಮಗನನ್ನು ಅದೇ ಕಾಲೇಜಿಗೆ ಹಾಕಿದ ಹಿರೇಕೆರೂರು ಕಡೆಯ ಒಬ್ಬ ರೈತರು. ಮತ್ತು ವಹಿ ಹಿಡಿದುಕೊಂಡ ನಾನು.

ಮೊದಲು ಬಾಯಿ ತೆಗೆದವನು ಹಾನಗಲ್ಲಿನ ತರುಣ.

“ಒಬ್ಬ ಛಲೋ ರೈಡರ್ ಸಿಕ್ಕರ ಸಾಕ್ರೀ ಮಾಸ್ತರ. ಉಳಿದ ಆರು ಮಂದಿ ಸುಮ್ಮನ ನಿಂತರೂ ನಡೀತೈತಿ. ಪವನ್ ಸೆಹ್ರಾವತ್ ಏನ್ ಮಾಡಿದ, ನೆನಪೈತಿಲ್ಲೋ?”

ನೆನಪಿಲ್ಲದೆ ಏನು! 2019ರ ಜನವರಿ 5ರಂದು ಮುಂಬಯಿಯಲ್ಲಿ ಪ್ರೊ ಕಬಡ್ಡಿಯ ಅಂತಿಮ ಪಂದ್ಯ. ಬೆಂಗಳೂರು ಬುಲ್ಸ್ ತಂಡ ಗುಜರಾತಿನವರನ್ನು 38ಕ್ಕೆ 33 ಅಂಕಗಳಿಂದ ಸೋಲಿಸಿತು. ಆ 38ರಲ್ಲಿ 22 ಅಂಕಗಳನ್ನು ಪವನ್ ಒಬ್ಬನೇ ತಂದಿದ್ದ. ಆ ರಾತ್ರಿಯ ಮೇಲಿಂದ ನಮ್ಮ ಕಡೆಯ ಪ್ರತಿಯೊಂದು ಹಳ್ಳಿಯ ತಂಡವೂ ತನ್ನ ಪವನನ್ನು ಹುಡುಕುತ್ತಿದೆ.

“ಪವನ ಪವನ ಅಂತ ಕುಂತರ ಗಾಳಿ ಅಷ್ಟ ಬೀಸ್ತೈತಿ,” ಎಂದರು ಶಿಗ್ಗಾವಿಯ ರಾಯರು. “ಹುಡುಗ್ರು ಛಲೋ ಅದಾರ. ಕಲಿಸೋರು ಸರಿ ಇಲ್ಲ. ಅದ ಬುಲ್ಸ್ ತಂಡದ ಕಥಿ ನೋಡ್ರಿ.”

ರಾಯರ ಉದಾಹರಣೆಯೂ ಪೊಳ್ಳಾದುದಲ್ಲ. ಅದೇ ಬುಲ್ಸ್ ತಂಡ 2024ರಲ್ಲಿ 22 ಪಂದ್ಯ ಆಡಿ ಎರಡನ್ನು ಮಾತ್ರ ಗೆದ್ದು, ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಗಿ ನಿಂತಿತು. ಮುಂದಿನ ವರ್ಷಕ್ಕೆ ನಮ್ಮ ಕರ್ನಾಟಕದವರೇ ಆದ ಬಿ. ಸಿ. ರಮೇಶ್ ಅವರು ತರಬೇತುದಾರರಾಗಿ ಬಂದರು. ಅದಕ್ಕೆ ಮೊದಲು ಬೇರೆ ತಂಡಗಳನ್ನು ಗೆಲ್ಲಿಸಿ ತೋರಿಸಿದವರು ಅವರು. 2025ರ ಆವೃತ್ತಿಯಲ್ಲಿ ಅದೇ ಹೆಸರಿನ ತಂಡ ಆರಂಭದಲ್ಲಿ ಎಡವಿದರೂ ಎದ್ದು ನಿಂತು ಪ್ಲೇ-ಆಫ್ ಹಂತವನ್ನು ಮುಟ್ಟಿತು. ಕಪ್ಪು ಬರಲಿಲ್ಲ, ಮಾನ ತಿರುಗಿ ಬಂದಿತು.

“ರಾಯರ, ಅಲ್ಲಿ ಮಾಸ್ತರಷ್ಟ ಬದಲಾಗಲಿಲ್ಲ, ತಂಡಾನೂ ಬದಲಾತು,” ಎಂದು ನಾನು ಹೇಳಬೇಕಾಯಿತು. ಅವರದು ಹರಾಜಿನಲ್ಲಿ ಕೊಂಡು ಕಟ್ಟುವ ತಂಡ. ಇರಾನಿನಿಂದಲೂ ಆಟಗಾರರನ್ನು ತರಬಹುದು. ನಮ್ಮ ಕಾಲೇಜು ಪಕ್ಕದ ಊರಿನಿಂದ ಒಬ್ಬ ಹುಡುಗನನ್ನು ತರುವುದೂ ಅವನಿಗೆ ಬಸ್ಸಿನ ಅನುಕೂಲವಿದ್ದರೆ ಮಾತ್ರ. ಮೇಲಾಗಿ ನಮ್ಮಲ್ಲಿ ಆಟದ ಮಾಸ್ತರರು ಒಬ್ಬರೇ. ಅವರೇ ಕಬಡ್ಡಿಗೆ, ಅವರೇ ಖೋಖೋಕ್ಕೆ, ಅವರೇ ವಾಲಿಬಾಲಿಗೆ, ಅವರೇ ಓಟಕ್ಕೆ. ಪ್ರವೇಶದ ಕಾಲಕ್ಕೆ ಅರ್ಜಿ ತಪಾಸಣೆಗೂ ಅವರೇ. ಅಂಥವರನ್ನು ಬೈಯುವುದು ಸುಲಭ, ಅವರ ಕೆಲಸ ಮಾಡುವುದು ಸುಲಭವಲ್ಲ.

ಅಷ್ಟು ಹೊತ್ತು ಸುಮ್ಮನಿದ್ದ ಸವಣೂರಿನ ಅಜ್ಜಾರು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: “ಹದಿನೆಂಟು ವರ್ಷ ಕಾದೀವಿ ನಾವು. ನಿಮಗ ಮೂರು ವರ್ಷಕ್ಕ ಅವಸರ ಆತೇನು?”

ಅವರು ಹೇಳಿದ್ದು ಬೆಂಗಳೂರಿನ ಕ್ರಿಕೆಟ್ ತಂಡದ ಮಾತು. 2008ರಲ್ಲಿ ಐಪಿಎಲ್ ಪ್ರಾರಂಭವಾದಂದಿನಿಂದ ಆರ್‌ಸಿಬಿ ತಂಡ 2009, 2011, 2016 ಹೀಗೆ ಮೂರು ಸಲ ಅಂತಿಮ ಪಂದ್ಯಕ್ಕೆ ಹೋಗಿ ಮೂರೂ ಸಲ ಸೋತಿತು. 2017ರಲ್ಲಿಯೂ 2019ರಲ್ಲಿಯೂ ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. 2024ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತು, ಇನ್ನು ಮುಗಿಯಿತು ಎನ್ನುವಾಗ ಬೆನ್ನು ಬೆನ್ನಿಗೆ ಆರು ಪಂದ್ಯ ಗೆದ್ದು ಎಲ್ಲರನ್ನೂ ಬೆರಗುಗೊಳಿಸಿತು. ‘ಈ ಸಲ ಕಪ್ ನಮ್ದೆ’ ಎಂಬ ಮಾತು ಮೊದಮೊದಲು ನಂಬಿಕೆಯಾಗಿತ್ತು, ಕ್ರಮೇಣ ಚೇಷ್ಟೆಯಾಯಿತು, ಕೊನೆಗೆ ಚೇಷ್ಟೆ ಮಾಡುವವರಿಗೂ ಅದೊಂದು ಹರಕೆಯಂತಾಯಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬಿನವರನ್ನು ಆರು ಓಟಗಳಿಂದ ಸೋಲಿಸಿದಾಗ ಹರಕೆ ಸಂದಿತು.

ಆದರೆ ಅಜ್ಜಾರು ಆ ಗೆಲುವಿನ ಮಾತನ್ನು ಬೆಳೆಸಲಿಲ್ಲ. ಮರುದಿನ ಜೂನ್ 4ರಂದು ಬೆಂಗಳೂರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರಲ್ಲ, ಅದು ಅವರ ಮನಸ್ಸಿನಲ್ಲಿತ್ತು. ಎಲೆಯನ್ನು ಕೈಯಲ್ಲಿಯೇ ಹಿಡಿದುಕೊಂಡು, “ಕಪ್ಪು ಇವತ್ತಲ್ಲ ನಾಳೆ ಬರ್ತೈತಿ. ಹೋದ ಮಕ್ಕಳು ಬರಾಂಗಿಲ್ಲ. ಆಟಕ್ಕಿಂತ ಮಕ್ಕಳು ದೊಡ್ಡವರು, ಇದನ್ನ ಮೊದಲು ತಲಿಯಾಗ ಇಟಗೋರಿ,” ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆ ಮೌನವನ್ನು ಮುರಿದವರು ಹಿರೇಕೆರೂರಿನ ರೈತರು. ಅವರ ಮನೆಯಲ್ಲಿ ಹಬ್ಬದ ಹೋರಿಯಿದೆ. ನಮ್ಮ ಭಾಗದ ಹೋರಿ ಹಬ್ಬವನ್ನು ನೀವು ಬಲ್ಲಿರಿ. ದೀಪಾವಳಿಯ ಪಾಡ್ಯದಿಂದ ಮೊದಲಾಗಿ ಊರೂರಿನಲ್ಲಿ ಹೋರಿಗಳನ್ನು ಓಡಿಸುತ್ತಾರೆ. ಕೊರಳಿಗೆ ಕೊಬ್ಬರಿಯ ಸರ, ಬೆನ್ನಿಗೆ ಝೂಲ, ಕೋಡಿಗೆ ಬಣ್ಣದ ರಿಬ್ಬನ್ನು. ಕೊಬ್ಬರಿ ಹರಿಯಗೊಡದೆ ಓಡಿದ ಹೋರಿ ಗೆದ್ದಂತೆ. ಗೆದ್ದ ಹೋರಿಯ ಹೆಸರು ಹತ್ತು ಊರಿಗೆ ಗೊತ್ತಿರುತ್ತದೆ. ಅದಕ್ಕೂ ಅಭಿಮಾನಿಗಳಿದ್ದಾರೆ, ವಾದಗಳಿವೆ, ‘ಮುಂದಿನ ವರ್ಷ’ ಇದೆ.

“ನಾ ಓದಿದಾಂವಲ್ಲ,” ಎಂದರು ಆ ರೈತರು. “ನಮ್ಮ ಹೋರಿ ಒಂದು ವರ್ಷ ನಿಂತು ನಿಂತು ಓಡ್ತು. ನಾವು ಹೋರೀನ ಬೈಲಿಲ್ಲ. ಹಬ್ಬ ಆರು ತಿಂಗಳು ಇರತಲೆ ಹುರುಳಿ ಕುದಿಸಿ ಹಾಕಾಕ ಹತ್ತಿದ್ವಿ, ಹತ್ತಿಕಾಳು ಇಟ್ವಿ, ದಿನಾ ಕೆರಿಯಾಗ ಈಜಿಸಿದ್ವಿ. ಮರುವರ್ಷ ಓಡ್ತು. ಇಷ್ಟ ನನಗ ಗೊತ್ತಿರೂದು.”

ನಾವೆಲ್ಲ ನಕ್ಕೆವು. ಹುಡುಗರಿಗೂ ಹುರುಳಿ ಕುದಿಸಿ ಹಾಕೋಣವೇ ಎಂದು ಹಾನಗಲ್ಲಿನ ತರುಣ ಚೇಷ್ಟೆ ಮಾಡಿದ. ಅಲ್ಲಿಗೆ ಕೊನೆಯ ಬಸ್ಸು ಬಂದಿತು, ಸಭೆ ಮುರಿಯಿತು.

ಇಲ್ಲಿಯವರೆಗೆ ಇದು ನಿಮ್ಮ ಊರಿನ ಕಟ್ಟೆಯ ಮೇಲೆಯೂ ನಡೆಯಬಹುದಾದ ಮಾತು. ಮುಂದಿನದು ಅಷ್ಟು ಹಗುರಾದುದಲ್ಲ.

ಎಂಟು ದಿನಕ್ಕೆ ಒಂದು ಸುದ್ದಿ ಬಂದಿತು. ಮುಂದಿನ ವರ್ಷ ಕಬಡ್ಡಿ ತಂಡವನ್ನು ಕಳಿಸುವುದೇ ಬೇಡವೆಂದು ಕಾಲೇಜಿನ ಜಿಮಖಾನಾ ಸಮಿತಿಯಲ್ಲಿ ಮಾತು ಎದ್ದಿದೆಯಂತೆ. ಪ್ರತಿವರ್ಷ ಹೋಗುವುದು, ಮೊದಲ ಸುತ್ತಿಗೆ ಸೋಲುವುದು, ಪ್ರಯಾಣದ ಖರ್ಚು ಬರೆಯುವುದು. ಇದಕ್ಕಿಂತ ಆ ಹಣವನ್ನು ಬೇರೆ ಕೆಲಸಕ್ಕೆ ಹಚ್ಚಬಾರದೇಕೆ ಎಂದು ಕೇಳಿದವರ ಮಾತು ಲೆಕ್ಕಕ್ಕೆ ತಪ್ಪಾಗಿರಲಿಲ್ಲ. ಗಣಿತದ ಮಾಸ್ತರನಾದ ನಾನೇ ಅದನ್ನು ಒಪ್ಪಬೇಕಾಗಿತ್ತು.

ಆದರೆ ಆ ಹುಡುಗರ ಕಡೆಯಿಂದ ನೋಡಿದರೆ ಲೆಕ್ಕವೇ ಬೇರೆ. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಇಷ್ಟೂ ಜಿಲ್ಲೆಗಳ ಕಾಲೇಜುಗಳ ನಡುವೆ ಹೋರಾಡಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗುವುದೆಂದರೆ ಹಳ್ಳಿಯ ಹುಡುಗನಿಗೆ ಕನಸಿನ ಮಾತಾಗಿತ್ತು. 2023ರಲ್ಲಿ ಹಾವೇರಿಗೇ ಒಂದು ವಿಶ್ವವಿದ್ಯಾಲಯ ಬಂದಿತು. ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸಬೇಕೋ ಬೇಡವೋ ಎಂಬ ಚರ್ಚೆ 2025ರಲ್ಲಿ ಎದ್ದುದನ್ನು ನೀವು ಕೇಳಿದ್ದೀರಿ; ಆ ದೊಡ್ಡ ಮಾತು ಇಲ್ಲಿ ಬೇಡ. ಆಟದ ಮಟ್ಟಿಗೆ ಹೇಳುವುದಾದರೆ, ಒಂದೇ ಜಿಲ್ಲೆಯ ಕಾಲೇಜುಗಳ ನಡುವೆ ಆಯ್ಕೆ ನಡೆದಾಗ ನಮ್ಮ ಹುಡುಗರಿಗೆ ಬಾಗಿಲು ಹತ್ತಿರವಾಯಿತು. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಪ್ರಮಾಣಪತ್ರವೊಂದು ಕೈಯಲ್ಲಿದ್ದರೆ, ಮುಂದೆ ಕ್ರೀಡಾಪಟುಗಳಿಗೆಂದು ಮೀಸಲಾದ ಕೆಲಸಕ್ಕೆ ಅರ್ಜಿ ಹಾಕುವಾಗ ಅದು ಉಪಯೋಗಕ್ಕೆ ಬಂದೀತು. ಕಾಲೇಜು ತಂಡವನ್ನೇ ಕಳಿಸದಿದ್ದರೆ, ಆಯ್ಕೆ ಮಾಡುವವರ ಕಣ್ಣಿಗೆ ಈ ಹುಡುಗರು ಬೀಳುವುದು ಎಲ್ಲಿ?

ಆ ರಾತ್ರಿ ಮನೆಯಲ್ಲಿ ವಹಿ ಬಿಡಿಸಿಕೊಂಡು ಕುಳಿತೆ. ಮೂರು ವರ್ಷದ ಅಂಕಗಳನ್ನು ಹಿಂದುಮುಂದು ಮಾಡಿ ನೋಡಿದೆ. ಒಂದು ಸಂಗತಿ ಕಣ್ಣಿಗೆ ಬಿದ್ದಿತು. ಇಷ್ಟು ದಿನ ಅದನ್ನು ಕಾಣದೆ ಹೋದುದಕ್ಕೆ ನನಗೇ ನಾಚಿಕೆಯಾಯಿತು. ಮೂರೂ ಪಂದ್ಯಗಳಲ್ಲಿ ನಮ್ಮವರು ಮೊದಲಿನ ಇಪ್ಪತ್ತು ಮಿನಿಟು ಸರಿಸಮನಾಗಿ ಆಡಿದ್ದರು. ಎರಡನೆಯ ಭಾಗದ ಮೊದಲಲ್ಲಿಯೂ ಅಂತರ ಹೆಚ್ಚೇನಿರಲಿಲ್ಲ. ಕೊನೆಯ ಹತ್ತು ಮಿನಿಟಿನಲ್ಲಿ ಮೂರು ಸಲವೂ ಒಂದೇ ಬಗೆಯಾಗಿ ಕುಸಿದುಬಿದ್ದಿದ್ದರು. ದಾಳಿಗಾರ ಸರಿಯಿಲ್ಲವೆಂದರೆ ಮೊದಲರ್ಧದಲ್ಲಿ ಅಂಕ ಬಂದದ್ದು ಹೇಗೆ? ಕಲಿಸುವವರು ಸರಿಯಿಲ್ಲವೆಂದರೆ ಕಲಿತದ್ದು ಅರ್ಧ ತಾಸಿಗೆ ಮರೆತುಹೋಗುತ್ತದೆಯೆ?

ನನ್ನ ಗೊಣಗಾಟ ಕೇಳಿ ಮನೆಯವಳು ಒಳಗಿನಿಂದ ಬಂದಳು. ವಹಿ ನೋಡಿದಳು. ಅವಳಿಗೆ ಕಬಡ್ಡಿ ತಿಳಿಯದು. “ಅಲ್ರೀ, ಹುಡುಗ್ರು ಅವತ್ತು ಏನ್ ಉಂಡು ಹೋಗಿದ್ರು?” ಎಂದು ಕೇಳಿದಳು.

ನನ್ನ ವಹಿಯಲ್ಲಿ ಆ ಕಾಲಮ್ಮು ಇರಲಿಲ್ಲ.

ಮರುದಿನ ತಂಡದ ಎಡಮೂಲೆಯಲ್ಲಿ ಆಡುವ ಹುಡುಗನನ್ನು ಕರೆದು ಕೇಳಿದೆ. ಕಾಲು ಹಿಡಿಯುವುದರಲ್ಲಿ ಚುರುಕಾದ ಹುಡುಗ, ಕೊನೆಯ ಆಟದಲ್ಲಿ ಎರಡು ಸಲ ಹಿಡಿತ ತಪ್ಪಿಸಿಕೊಂಡು ಎಲ್ಲರಿಂದ ಬೈಸಿಕೊಂಡಿದ್ದ. ಅವನು ತಲೆ ತಗ್ಗಿಸಿಕೊಂಡೇ ಹೇಳಿದ:

“ಆರಕ್ಕ ಬಸ್ ಐತ್ರಿ ಸರ್ ನಮ್ಮೂರಿಂದ. ಅವ್ವ ಕೂಲಿಗೆ ಹೋಗ್ತಾಳ, ಅಷ್ಟೊತ್ತಿಗೆ ರೊಟ್ಟಿ ಆಗಿರಂಗಿಲ್ಲ. ಮಧ್ಯಾಹ್ನ ಮೂರಕ್ಕ ನಮ್ಮ ಮ್ಯಾಚ್ ಬಂತ್ರಿ. ನಡುವ ಚಾ ಬಿಸ್ಕೀಟ್ ತಿಂದಿದ್ವಿ. ಆಡೂವಾಗ ಹಿಡದ್ದೆ ಅನಿಸ್ತಿತ್ರಿ, ಕೈಯಾಗ ಕಸುವು ಇರ್ತಿರಲಿಲ್ಲ.”

ಇಷ್ಟನ್ನು ಅವನು ದೂರಿನಂತೆ ಹೇಳಲಿಲ್ಲ. ಮಳೆ ಬಂದಿತ್ತು, ಬಂಡಿ ಹುಗಿಯಿತು ಎಂದು ಹೇಳಿದ ಹಾಗೆ ಹೇಳಿದ. ನಾವು ಐದು ಜನ ಒಂದು ವಾರ ಚಹಾ ಕುಡಿಯುತ್ತ, ಮಿರ್ಚಿ ತಿನ್ನುತ್ತ, ಈ ಹುಡುಗನ ಹಿಡಿತದ ದೋಷವನ್ನು ಚರ್ಚಿಸಿದ್ದೆವು.

ಅಂದು ಸಂಜೆ ನಾನು ಈ ಮಾತನ್ನು ಸಭೆಯಲ್ಲಿಟ್ಟೆ. ಹಿರೇಕೆರೂರಿನ ರೈತರು ನಗಲೂ ಇಲ್ಲ, ‘ನಾನು ಹೇಳಿರಲಿಲ್ಲವೆ’ ಎನ್ನಲೂ ಇಲ್ಲ. “ಹೋರಿಗೆ ಹುರುಳಿ ಕುದಿಸ್ತೀವ್ರಿ ನಾವು,” ಎಂದಷ್ಟೇ ಹೇಳಿ ಎದ್ದುಹೋದರು.

ಅದಾದ ಮೇಲೆ ನಮ್ಮ ವಾದದ ರೀತಿಯೇ ಬೇರೆಯಾಯಿತು. ಮೊದಲು ‘ಯಾರಿಂದ ಸೋತರು’ ಎಂದು ವಾದಿಸುತ್ತಿದ್ದವರು ‘ಏನೇನು ಬೇಕು’ ಎಂದು ಪಟ್ಟಿ ಮಾಡಲು ಕುಳಿತೆವು. ಪಟ್ಟಿ ಮಾಡಿದಾಗ ಎಷ್ಟೋ ಸಂಗತಿಗಳು ತಿಳಿದುಬಂದವು. ಪಂದ್ಯಾಟಗಳನ್ನು ಈಗ ಹೆಚ್ಚಾಗಿ ಮ್ಯಾಟಿನ ಮೇಲೆ ಆಡಿಸುತ್ತಾರೆ. ನಮ್ಮವರು ವರ್ಷವೆಲ್ಲ ಮಣ್ಣಿನಲ್ಲಿ ಬರಿಗಾಲಿನಿಂದ ಆಡುತ್ತಾರೆ. ಮಣ್ಣಿನಲ್ಲಿ ಕಾಲು ಜಾರಿಸಿ ತಿರುಗಬಹುದು. ಮ್ಯಾಟಿನ ಮೇಲೆ ಬೂಟು ಹಿಡಿದು ನಿಲ್ಲುತ್ತದೆ, ರೂಢಿಯಿಲ್ಲದವನ ಮೊಣಕಾಲು ಹೊರಳುತ್ತದೆ. ಇನ್ನು ಡಿಗ್ರಿಯೆಂದರೆ ಮೂರು ವರ್ಷ. ಮೊದಲ ವರ್ಷ ಆಟ ಕಲಿತು, ಎರಡನೆಯ ವರ್ಷ ಪಳಗಿ, ಮೂರನೆಯ ವರ್ಷ ಆಡಿ ತೋರಿಸುವ ಹೊತ್ತಿಗೆ ಹುಡುಗ ಹೊರಟುಹೋಗುತ್ತಾನೆ. ಆದ್ದರಿಂದ ಮುಂದಿನ ವರ್ಷದ ತಂಡವನ್ನು ಮುಂದಿನ ವರ್ಷ ಕಟ್ಟಲಾಗುವುದಿಲ್ಲ. ಅದನ್ನು ಈ ವರ್ಷವೇ ಕಟ್ಟಬೇಕು. ಸೋತ ಮರುದಿನವೇ ಮೊದಲು ಮಾಡಬೇಕು.

ನಾನು ಜಿಮಖಾನಾ ಸಮಿತಿಯವರನ್ನು ಕಾಣಲು ಹೋದೆ. ಕೈಯಲ್ಲಿ ವಹಿ ಇತ್ತು. ಅವರ ಮುಂದೆ ಎರಡು ಮಾತು ಹೇಳಿದೆ.

ಮೊದಲನೆಯದು ದೇಶದ ಮಾತು. 1990ರಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿ ಸೇರಿದಂದಿನಿಂದ ಚಿನ್ನ ಭಾರತದ್ದೇ ಎಂದು ನಾವೆಲ್ಲ ನಿಶ್ಚಿಂತರಾಗಿದ್ದೆವು. 2018ರಲ್ಲಿ ಜಕಾರ್ತಾದಲ್ಲಿ ಇರಾನಿನವರು ನಮ್ಮ ಗಂಡಸರನ್ನು ಉಪಾಂತ್ಯದಲ್ಲಿ 27ಕ್ಕೆ 18ರಿಂದ ಸೋಲಿಸಿದರು. ನಮ್ಮ ಹೆಣ್ಣುಮಕ್ಕಳ ತಂಡವನ್ನು ಅಂತಿಮ ಪಂದ್ಯದಲ್ಲಿ 27ಕ್ಕೆ 24ರಿಂದ ಸೋಲಿಸಿದರು. ಆಗ ಯಾರಾದರೂ ‘ಇನ್ನು ತಂಡವನ್ನು ಕಳಿಸುವುದು ಬೇಡ, ವಿಮಾನದ ಖರ್ಚು ದಂಡ’ ಎಂದರೆ? 2023ರಲ್ಲಿ ಚೀನದ ಹಾಂಗ್‌ಝೌ ನಗರದಲ್ಲಿ ಎರಡೂ ಚಿನ್ನ ತಿರುಗಿ ಬಂದವು. ಅದರಲ್ಲಿ ಹೆಣ್ಣುಮಕ್ಕಳು ಗೆದ್ದದ್ದು ಒಂದೇ ಅಂಕದಿಂದ, 26ಕ್ಕೆ 25. ನಡುವಿನ ಐದು ವರ್ಷ ಕಳಿಸದೆ ಕುಳಿತಿದ್ದರೆ ಆ ಒಂದು ಅಂಕ ಎಲ್ಲಿಂದ ಬರುತ್ತಿತ್ತು?

ಎರಡನೆಯದು ಆಟದ ನಿಯಮದ ಮಾತು. ನೆನಪಿನಲ್ಲಿಡಿರೆಂದು ನಿಮಗೂ ಹೇಳಿದ್ದೆನಲ್ಲ, ಅದೇ. ಎಲ್ಲರೂ ಔಟಾದ ತಂಡಕ್ಕೆ ಕಬಡ್ಡಿ ‘ನೀನು ಮನೆಗೆ ಹೋಗು’ ಎನ್ನುವುದಿಲ್ಲ. ಎರಡು ಅಂಕದ ದಂಡ ಹಾಕುತ್ತದೆ, ಏಳೂ ಜನರನ್ನು ಎಬ್ಬಿಸಿ ಒಳಗೆ ಕಳಿಸುತ್ತದೆ. ಇಷ್ಟೇ ಅಲ್ಲ, ಅಂಕಣದಲ್ಲಿ ಮೂವರು ಅಥವಾ ಅದಕ್ಕೂ ಕಡಿಮೆ ಜನ ಉಳಿದಾಗ ಅವರು ದಾಳಿಗಾರನನ್ನು ಹಿಡಿದರೆ ಒಂದರ ಬದಲು ಎರಡು ಅಂಕ ಕೊಡುತ್ತದೆ. ಬಲ ಕುಂದಿದವರ ಧೈರ್ಯಕ್ಕೆ ಹೆಚ್ಚಿನ ಬೆಲೆ ಕಟ್ಟಿದ ಆಟ ಇದು. ಆಟದ ನಿಯಮಕ್ಕೆ ಇರುವಷ್ಟು ಔದಾರ್ಯ ಆಡಿಸುವ ನಮಗೆ ಬೇಡವೆ?

ಸಮಿತಿಯವರು ತಾಳ್ಮೆಯಿಂದ ಕೇಳಿದರು. ಒಂದು ವರ್ಷ ಹೆಚ್ಚಿಗೆ ಕೊಟ್ಟರು. ಈ ಸಲ ಮೊದಲ ಸುತ್ತು ದಾಟದಿದ್ದರೆ ಮುಂದೆ ಮಾತಾಡಬಾರದೆಂಬ ಷರತ್ತಿನ ಮೇಲೆ.

ಈಗ ನಡೆದಿರುವುದು ಇಷ್ಟು. ವಾರಕ್ಕೆ ಮೂರು ದಿನ ಹುಡುಗರು ಸಂಜೆ ತಡಮಾಡಿ ಆಡುತ್ತಾರೆ. ಊರಿಗೆ ಬಸ್ಸು ತಪ್ಪಿದ ಮೂವರು ಆ ರಾತ್ರಿ ನಮ್ಮಲ್ಲಿ ಒಬ್ಬೊಬ್ಬರ ಮನೆಯಲ್ಲಿ ಉಂಡು ಮಲಗುತ್ತಾರೆ. ಎಡಮೂಲೆಯ ಹುಡುಗ ನಮ್ಮ ಮನೆಯವನು. ಹಿರೇಕೆರೂರಿನ ರೈತರು ತಿಂಗಳಿಗೊಮ್ಮೆ ಶೇಂಗಾ, ಹೆಸರು, ಕಡಲೆ ಚೀಲದಲ್ಲಿ ಕಟ್ಟಿ ಕಳಿಸುತ್ತಾರೆ. ನೆನೆಯಿಟ್ಟ ಕಾಳು ಆಟ ಮುಗಿದೊಡನೆ ಹುಡುಗರ ಕೈಗೆ ಬರುತ್ತದೆ. ಹಾನಗಲ್ಲಿನ ತರುಣ ತನ್ನ ಮೊಬೈಲಿನಲ್ಲಿ ಅವರ ಆಟವನ್ನು ಚಿತ್ರಿಸಿ, ಹಿಡಿತ ತಪ್ಪಿದ್ದು ಎಲ್ಲಿ ಎಂದು ಅವರಿಗೇ ತೋರಿಸುತ್ತಾನೆ. ಈಗಲೂ ಅವನಿಗೆ ಒಬ್ಬ ಪವನ ಬೇಕು. ಆದರೆ ಸಿಗುವವರೆಗೆ ಇರುವ ಏಳು ಜನರನ್ನು ನೋಡಲು ಕಲಿತಿದ್ದಾನೆ. ಶಿಗ್ಗಾವಿಯ ರಾಯರು ಆಟದ ಮಾಸ್ತರರನ್ನು ಬೈಯುವುದನ್ನು ಬಿಟ್ಟು, ಅವರ ಕಾಗದಪತ್ರದ ಕೆಲಸದಲ್ಲಿ ಕೈಗೂಡಿಸುತ್ತಾರೆ. ಉಳಿದ ಹೊತ್ತನ್ನು ಮಾಸ್ತರರು ಮೈದಾನಕ್ಕೆ ಕೊಡುತ್ತಾರೆ. ಮ್ಯಾಟು ಇನ್ನೂ ದೊರೆತಿಲ್ಲ. ಅದಕ್ಕಾಗಿ ಓಡಾಟ ನಡೆದಿದೆ.

ಅಜ್ಜಾರು ಏನು ಮಾಡುತ್ತಾರೆಂದು ನೀವು ಕೇಳಬಹುದು. ಅವರು ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂಡ್ರುತ್ತಾರೆ. ಒಂದು ದಿನ ಸೋತ ಮಾತು ತೆಗೆದು ಹುಡುಗರು ಮಂಕಾಗಿದ್ದಾಗ ತಮ್ಮ ಊರಿನ ಮರದ ಕಥೆ ಹೇಳಿದರು. ಸವಣೂರಿನ ದೊಡ್ಡಹುಣಸೆ ಮಠದ ಆವರಣದ ಆ ಮೂರು ಮಹಾವೃಕ್ಷಗಳನ್ನು ನೀವು ಕಂಡಿರಬಹುದು. ನಾವು ದೊಡ್ಡ ಹುಣಸೆ ಎಂದು ಕರೆದರೂ ಅವು ಆಫ್ರಿಕದ ಮೂಲದ ಬಾವೋಬಾಬ್ ಮರಗಳು. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಬುಡಸಮೇತ ಉರುಳಿಬಿದ್ದಿತು. ಕಡಿದು ಸಾಗಿಸಬಹುದಾಗಿತ್ತು. ಜನ ಹಾಗೆ ಮಾಡಲಿಲ್ಲ. ಯಂತ್ರಗಳನ್ನು ತಂದು, ಎತ್ತಿ, ಮತ್ತೆ ನೆಟ್ಟರು. “ಬಿದ್ದದ್ದು ಮರದ ತಪ್ಪಲ್ಲ,” ಎಂದರು ಅಜ್ಜಾರು, “ಬಿದ್ದ ಮ್ಯಾಲ ಎಬ್ಬಿಸದಿದ್ರ ಅದು ಊರ ತಪ್ಪು.”

ಪಂದ್ಯಾಟ ಇನ್ನೂ ಬರಬೇಕಾಗಿದೆ. ಈ ಸಲ ನಮ್ಮವರು ಗೆಲ್ಲುತ್ತಾರೆಯೆ? ನನಗೆ ತಿಳಿಯದು. ಎದುರಿನವರೂ ಉಂಡು ಬರುತ್ತಾರೆ, ಅವರೂ ಬೆವರು ಸುರಿಸಿರುತ್ತಾರೆ. ಗಣಿತದ ಮಾಸ್ತರನಾದರೂ ಈ ಲೆಕ್ಕದ ಉತ್ತರವನ್ನು ಪುಸ್ತಕದ ಹಿಂದಿನ ಪುಟದಲ್ಲಿ ನೋಡಿ ಹೇಳಲಾರೆ. ಆದರೆ ಒಂದನ್ನು ಹೇಳಬಲ್ಲೆ. ಸೋತರೆ, ಕೈಯಲ್ಲಿ ಕಸುವಿಲ್ಲದೆ ಸೋಲುವುದಿಲ್ಲ. ನನ್ನ ವಹಿಯಲ್ಲಿ ಈಗ ಹೊಸದೊಂದು ಕಾಲಮ್ಮು ಇದೆ; ಅದರಲ್ಲಿ ಆ ದಿನ ಹುಡುಗರು ಏನು ಉಂಡರೆಂದು ಬರೆಯುತ್ತೇನೆ. ಆ ಕಾಲಮ್ಮನ್ನು ಮನೆಯವಳು ತಪಾಸಣೆ ಮಾಡುತ್ತಾಳೆ.

ನಿಮ್ಮ ಊರಿನಲ್ಲಿಯೂ ಇಂಥ ಒಂದು ಸೋತ ತಂಡ ಇದ್ದೇ ಇರುತ್ತದೆ. ಗಂಡುಮಕ್ಕಳದಿರಬಹುದು, ಹೆಣ್ಣುಮಕ್ಕಳದಿರಬಹುದು, ಕಬಡ್ಡಿಯಿರಬಹುದು, ಖೋಖೋ ಇರಬಹುದು. ಅದರ ಬಗೆಗೆ ಕಟ್ಟೆಯ ಮೇಲೆ ಕುಳಿತು ಅವಶ್ಯವಾಗಿ ವಾದಿಸಿರಿ. ವಾದಿಸುವವರೂ ಇಲ್ಲದ ತಂಡ ನಿಜವಾಗಿ ಅನಾಥ ತಂಡ. ಆದರೆ ‘ಮುಂದಿನ ವರ್ಷ ಏನಾದೀತು’ ಎಂದು ಕೇಳುವ ಮೊದಲು, ನಮ್ಮ ಮನೆಯವಳು ಕೇಳಿದ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳಿರಿ. ಆ ಮಕ್ಕಳು ಇಂದು ಮುಂಜಾನೆ ಏನುಂಡು ಮೈದಾನಕ್ಕೆ ಬಂದರು?

ಅದರ ಉತ್ತರ ತಿಳಿದುಕೊಂಡು ಒಂದು ರೊಟ್ಟಿಯಷ್ಟು ಪಾಲನ್ನು ನೀವೂ ಹೊತ್ತಿರೆಂದರೆ, ಮುಂದಿನ ವರ್ಷದ ತಂಡ ಅಂದೇ ಅರ್ಧ ಕಟ್ಟಿದಂತೆ. ಉಳಿದರ್ಧವನ್ನು ಹುಡುಗರು ಕಟ್ಟುತ್ತಾರೆ.